ಹಿತ್ತಾಳೆಗೆ ಕತ್ತರಿ ಹಾಕಬೇಡಿ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಮರದ ಗೋಡೆ ಗಡಿಯಾರ ಮಾಡಿಕೊಳ್ಳುವ ಕುರಿತು ಅರ್ಧ ಪುಟದ ಬರಹ ಬಂದಿತ್ತು. ಹಲಗೆ ಆರಿಸುವುದು, ಒಣಗಿಸುವುದು, ನಯ ಮಾಡುವುದು, ಪಾಲಿಶ್ ಕೊಡುವುದು, ಎಲ್ಲವನ್ನೂ ಕೈಯಾರೆ ಮಾಡಿ ನೋಡಿದವರೇ ಬರೆದಂತಿತ್ತು. ಮೆಚ್ಚಿಕೊಂಡೇ ಓದಿದೆ. ಕೊನೆಗೆ ಬಂದರೆ, ಅಲಂಕಾರಕ್ಕೆ ಹಿತ್ತಾಳೆ ತಗಡನ್ನು ಬೇಕಾದ ಆಕಾರಕ್ಕೆ ಕತ್ತರಿಸಿ ಅಂಟಿಸಿ ಎಂದು ಒಂದೇ ಸಾಲು. ಪಕ್ಕದಲ್ಲಿ ತಗಡು ಕತ್ತರಿಯ ಚಿತ್ರ. ಊಟವೆಲ್ಲ ಚೆನ್ನಾಗಿದ್ದು ಮಜ್ಜಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಯಿತು.

ಆಗಲೇ ಬರೆಯಬೇಕೆಂದಿದ್ದೆ, ಮಳೆಗೆ ಮೈ ಜಡ್ಡುಗಟ್ಟಿತ್ತು. ಈಗ ಪೆನ್ನು ಹಿಡಿಯುವಂತೆ ಮಾಡಿದವನು ಪಕ್ಕದ ಮನೆಯ ಹುಡುಗ. ಪದವಿ ಓದುತ್ತಿದ್ದಾನೆ. ಪುನರ್ವಸು ಮಳೆ ಹೊಡೆದು ಕಾಲೇಜಿಗೆ ಮಳೆ ರಜೆ ಕೊಟ್ಟಿದ್ದರಲ್ಲ, ಆ ನಾಲ್ಕು ದಿನದಲ್ಲಿ ಅಟ್ಟದ ಮೇಲಿದ್ದ ಅಜ್ಜಿಯ ಕಾಲದ ಹಲಸಿನ ಹಲಗೆಯನ್ನು ಇಳಿಸಿ, ನಿಮ್ಮ ಬರಹವನ್ನು ಎದುರಿಗಿಟ್ಟುಕೊಂಡು ಕೂತ. ಮಡಿಕೇರಿ ಕೋಟೆಯ ಗಡಿಯಾರ ಗೋಪುರದ ಆಕಾರಕ್ಕೆ ಹಲಗೆ ಕೊಯ್ದಿದ್ದ. ಆ ಗೋಪುರವೂ ಅರಮನೆಯ ಜೊತೆ ಹುಟ್ಟಿದ್ದಲ್ಲ, 1933ರಲ್ಲಿ ಬ್ರಿಟಿಷರು ಸೇರಿಸಿದ್ದು, ಇರಲಿ. ಮರದ ಕೆಲಸ ಪರವಾಗಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ಕೊಡೆ ಹಿಡಿದು ನಮ್ಮ ಜಗಲಿಗೆ ಬಂದು, “ಮಾವ, ಇದನ್ನು ಸ್ವಲ್ಪ ನೇರ ಮಾಡಿಕೊಡುತ್ತೀರಾ?” ಎಂದು ತಗಡಿನ ಚೂರೊಂದನ್ನು ಮುಂದಿಟ್ಟ. ಏನಿದು ಎಂದರೆ ಕಾಫಿ ಎಲೆ ಎಂದ. ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಅಂಚಿನುದ್ದಕ್ಕೂ ಕತ್ತರಿ ಕಚ್ಚಿದ ಗುರುತು. ಒಂದು ಕಡಿತ ನಿಂತು ಇನ್ನೊಂದು ಶುರುವಾದ ಕಡೆಯಲ್ಲೆಲ್ಲ ಒಂದೊಂದು ಮುಳ್ಳು. ಅದರಲ್ಲೊಂದು ಅವನ ಹೆಬ್ಬೆರಳಿಗೆ ಹೊಕ್ಕು ಬಟ್ಟೆ ಸುತ್ತಿಕೊಂಡಿದ್ದ.

ನಾನು ಗಡಿಯಾರದ ಪಂಡಿತನಲ್ಲ. ಮೂವತ್ತೈದು ವರ್ಷ ಕಾಫಿ ತೋಟದಲ್ಲಿ ಫಿಟ್ಟರ್ ಆಗಿದ್ದವನು. ಕುಯ್ಲು ಶುರುವಾಗುವ ಮೊದಲು ಪಲ್ಪರ್ ಬಿಚ್ಚಿ ಕೂರಿಸುವುದೇ ವರ್ಷದ ದೊಡ್ಡ ಕೆಲಸ. ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರದ ಡ್ರಮ್ಮಿಗೆ ಉಬ್ಬು ಉಬ್ಬಾಗಿ ಎಬ್ಬಿಸಿದ ತಾಮ್ರದ ತಗಡು ಸುತ್ತಿರುತ್ತದೆ. ಉಬ್ಬು ಸವೆದರೆ ಹಣ್ಣು ಸುಲಿಯದೆ ಹಾಗೆಯೇ ಹೊರಗೆ ಬರುತ್ತದೆ; ತಗಡು ಸರಿಯಾಗಿ ಕೂರದಿದ್ದರೆ ಬೀಜವೇ ಒಡೆಯುತ್ತದೆ, ತೋಟದ ಲೆಕ್ಕ ನೋಡುವ ರೈಟರ್ ಬಂದು ಮುಖ ಗಂಟಿಕ್ಕಿಕೊಂಡು ನಿಲ್ಲುತ್ತಾರೆ. ಹಾಗಾಗಿ ತಗಡು ಎಂಬ ವಸ್ತುವಿನ ಗುಣಾವಗುಣ ನನಗೆ ಒಂದಿಷ್ಟು ಗೊತ್ತು. ತಾಮ್ರ ಹೇಳಿದ ಮಾತು ಕೇಳುತ್ತದೆ. ಬಗ್ಗಿಸಿದರೆ ಬಗ್ಗುತ್ತದೆ, ಮರದ ಸುತ್ತಿಗೆಯಲ್ಲಿ ನಾಲ್ಕು ತಟ್ಟಿದರೆ ಮಲಗುತ್ತದೆ. ಅದಕ್ಕೆ ಸತು ಬೆರೆತು ಹಿತ್ತಾಳೆಯಾಯಿತೋ, ಒಂದು ಸೆಡವು ಬಂದುಬಿಡುತ್ತದೆ. ಕತ್ತರಿಯ ಎರಡು ಬಾಯಿ ಒಂದನ್ನೊಂದು ದಾಟುವಾಗ ತಗಡು ಸೀಳುವ ಮೊದಲು ಬಗ್ಗುತ್ತದೆ. ಬಗ್ಗಿದ್ದನ್ನು ನೇರ ಮಾಡಲು ತಟ್ಟುತ್ತೀರಿ, ತಟ್ಟಿದಷ್ಟೂ ಗಡುಸಾಗುತ್ತದೆ. ನೇರ ಮಾಡಲು ಹೊರಟವನು ಅದರ ಹಟವನ್ನೇ ಹೆಚ್ಚಿಸಿದ ಹಾಗೆ. ಕಾಗದದಂತೆ ತೆಳ್ಳಗಿನ ತಗಡಾದರೆ, ಅಂಚು ಸುಮ್ಮನೆ ನೇರವಾಗಿದ್ದರೆ, ಕತ್ತರಿ ನಡೆದೀತು. ಎಲೆ, ಬಳ್ಳಿ, ಅಂಕಿ ಎಂದರೆ ಸಾಧ್ಯವೇ ಇಲ್ಲ.

ನಿವೃತ್ತನಾದ ಮೇಲೆ ನನ್ನ ಮೊದಲ ಗಡಿಯಾರಕ್ಕೆ ನಾನೂ ಕತ್ತರಿಯನ್ನೇ ಹಿಡಿದವನು. ತಾಮ್ರ ಬಗ್ಗಿಸಿದ ಕೈಯ ಸೊಕ್ಕು. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಕದಿರನ್ನು ಮೂರು ಸಲ ಕತ್ತರಿಸಿ ಮೂರನ್ನೂ ಕೆಡಿಸಿ, ವಿರಾಜಪೇಟೆಯಲ್ಲಿದ್ದ ಒಬ್ಬ ಹಿರಿಯ ಆಚಾರಿಗಳ ಬಳಿಗೆ ಹೋದೆ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಒರೆಗೆ ಬೆಳ್ಳಿ ಕಟ್ಟಿಕೊಡುತ್ತಿದ್ದವರು. ನನ್ನ ಕದಿರನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಪಕ್ಕಕ್ಕಿಟ್ಟರು. ಆಮೇಲೆ ತಮ್ಮ ಗರಗಸ ತೆಗೆದು ನನ್ನ ಕೈಗೆ ಕೊಟ್ಟರು. ಅವರು ಈಗ ಇಲ್ಲ. ಈ ಪತ್ರದಲ್ಲಿ ಬರೆಯುತ್ತಿರುವ ಬಹುಪಾಲು ಅವರು ಹೇಳಿಕೊಟ್ಟದ್ದೇ.

ಗರಗಸ ಎಂದ ಕೂಡಲೇ ಬಡಗಿಯ ಗರಗಸ ನೆನೆಯಬೇಡಿ. ಇದು ಅಕ್ಕಸಾಲಿಗರದು. ಅಗಲ ಬಾಯಿಯ ಕಬ್ಬಿಣದ ಚೌಕಟ್ಟು, ಕೆಳಗೊಂದು ಮರದ ಹಿಡಿ, ಎರಡು ತುದಿಗೂ ತಿರುಪು. ನಡುವೆ ಕಟ್ಟುವ ಬ್ಲೇಡು ಐದು ಇಂಚು ಉದ್ದದ ಒಂದು ಎಳೆ, ಅಷ್ಟೆ. ವಯಸ್ಸಾದ ಕಣ್ಣಿಗೆ ಹಲ್ಲು ಕಾಣುವುದಿಲ್ಲ, ಬೆರಳಿಗೇ ಕೇಳಬೇಕು: ಮೇಲಿನಿಂದ ಕೆಳಕ್ಕೆ ಸವರಿದರೆ ನುಣುಪು, ಕೆಳಗಿನಿಂದ ಮೇಲಕ್ಕೆ ಸವರಿದರೆ ಕಚ್ಚಬೇಕು. ಹಲ್ಲಿನ ಮೊನೆ ಹಿಡಿಯ ಕಡೆ ನೋಡುತ್ತಿರಬೇಕು ಎಂದರ್ಥ. ಈ ಗರಗಸ ಕೊಯ್ಯುವುದು ಕೆಳಕ್ಕೆ ಎಳೆಯುವಾಗ ಮಾತ್ರ. ತಿರುಗುಮುರುಗಾಗಿ ಕಟ್ಟಿದರೆ ಪ್ರತಿ ಸಲವೂ ತಗಡನ್ನು ಮೇಜಿನಿಂದ ಎತ್ತಿ ಎತ್ತಿ ಬಡಿಯುತ್ತದೆ, ನಾಲ್ಕನೆಯ ಸಲಕ್ಕೆ ಬ್ಲೇಡು ಮುರಿಯುತ್ತದೆ.

ಕಟ್ಟುವುದೇ ಅರ್ಧ ವಿದ್ಯೆ. ಮೇಲಿನ ತಿರುಪು ಬಿಗಿದು, ಚೌಕಟ್ಟನ್ನು ಮೇಜಿನ ಅಂಚಿಗೆ ಆನಿಸಿ, ಹಿಡಿಯನ್ನು ಎದೆಯಿಂದ ಒತ್ತಿ, ಆ ಒತ್ತಡದಲ್ಲೇ ಕೆಳಗಿನ ತಿರುಪು ಬಿಗಿಯಬೇಕು. ಎದೆ ಹಿಂದಕ್ಕೆ ತೆಗೆದರೆ ಚೌಕಟ್ಟು ಸೆಟೆದುಕೊಂಡು ಬ್ಲೇಡನ್ನು ಎಳೆಯುತ್ತದೆ. ಉಗುರಿನಿಂದ ಮೀಟಿದರೆ ‘ಟಿಂಗ್’ ಎನ್ನಬೇಕು. ಸದ್ದು ಮಂಕಾಗಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ಆಚಾರಿಗಳು ಮೀಟಿದ್ದನ್ನು ಕಿವಿಯ ಹತ್ತಿರ ಹಿಡಿದು, ತಂಬೂರಿ ಶ್ರುತಿ ಮಾಡುವವರ ಹಾಗೆ ತಲೆ ವಾಲಿಸಿ ಕೇಳುತ್ತಿದ್ದರು. ಅಂಗಡಿಯಲ್ಲಿ ಬ್ಲೇಡಿನ ನಂಬರು ಕೇಳಿ ಗಾಬರಿಯಾಗಬೇಡಿ. ತಗಡಿನ ದಪ್ಪದೊಳಗೆ ಏನಿಲ್ಲವೆಂದರೂ ಎರಡು ಹಲ್ಲು ಇರಬೇಕು, ಮೂರಿದ್ದರೆ ನೆಮ್ಮದಿ, ಇದೊಂದೇ ಲೆಕ್ಕ. ಅಲಂಕಾರಕ್ಕೂ ಅಂಕಿಗೂ ನಾನು ಬಳಸುವುದು 20 ಗೇಜಿನ ತಗಡು, ಅಂದರೆ ಹೆಚ್ಚು ಕಡಿಮೆ 0.9 ಮಿಲಿಮೀಟರ್. ಅದಕ್ಕೆ 2/0 ನಂಬರಿನ ಬ್ಲೇಡು ಹೊಂದುತ್ತದೆ. ಡಜನ್ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಡಜನ್ ಸಾಕು ಎಂದುಕೊಂಡವನು ಎರಡನೆಯ ದಿನ ಮತ್ತೆ ಬಸ್ ಹತ್ತಬೇಕಾಗುತ್ತದೆ.

ಇನ್ನು ಮೇಜು. ಒಂದು ಗಟ್ಟಿ ಹಲಗೆಯ ತುದಿಗೆ ಕಚ್ಚು ಕೊಯ್ದು, ಬಾಯಿ ತೆರೆದ ಹಕ್ಕಿಯ ಕೊಕ್ಕಿನ ಹಾಗೆ ಮಾಡಿ, ಮೇಜಿನ ಅಂಚಿನಿಂದ ಮುಂದಕ್ಕೆ ಚಾಚಿ ಬಿಗಿಯಿರಿ. ತಗಡು ಆ ಕಚ್ಚಿನ ಮೇಲೆ ಮಲಗುತ್ತದೆ, ಗರಗಸ ಕಚ್ಚಿನೊಳಗೆ ಆಡುತ್ತದೆ. ಮೇಜು ಎದೆಯ ಮಟ್ಟಕ್ಕಿದ್ದರೆ ಒಳ್ಳೆಯದು, ಇಲ್ಲವಾದರೆ ಕುಳ್ಳ ಸ್ಟೂಲಿನ ಮೇಲೆ ಕೂತುಕೊಳ್ಳಿ; ಬಗ್ಗಿ ಕೊಯ್ದರೆ ಸಂಜೆಗೆ ಕುತ್ತಿಗೆ ನಿಮ್ಮದಲ್ಲ. ಗರಗಸ ನೆಟ್ಟಗೆ ಕಂಬದ ಹಾಗೆ ನಿಂತು ಮೇಲೆ ಕೆಳಗೆ ಹೋಗಬೇಕೇ ಹೊರತು ಅತ್ತಿತ್ತ ತಿರುಗಬಾರದು. ತಿರುಗುವುದು ತಗಡು. ಬಳುಕು ಬಂದಲ್ಲಿ ಎಡಗೈ ತಗಡನ್ನು ನಿಧಾನಕ್ಕೆ ಗರಗಸದ ದಾರಿಗೆ ಒಡ್ಡುತ್ತದೆ. ಮೂಲೆ ಬಂತೆಂದರೆ ಮುಂದಕ್ಕೆ ತಳ್ಳದೆ ಅಲ್ಲೇ ಮೇಲೆ ಕೆಳಗೆ ಆಡಿಸುತ್ತಾ ತಗಡನ್ನು ಹೊಸ ಗೆರೆಯ ಕಡೆಗೆ ತಿರುಗಿಸಬೇಕು. ಬ್ಲೇಡು ತನ್ನ ಬೆನ್ನಿಗೆ ತಾನೇ ಜಾಗ ಮಾಡಿಕೊಳ್ಳುತ್ತದೆ. ಹೊಸಬರು ಬ್ಲೇಡು ಮುರಿಯುವುದೆಲ್ಲ ಇಲ್ಲಿಯೇ. ಎಣ್ಣೆ ಹಾಕಬೇಡಿ, ಅಂಟಿಸಿದ ನಕ್ಷೆಯ ಕಾಗದ ಎದ್ದುಬರುತ್ತದೆ, ಹುಡಿ ಮೆತ್ತಿಕೊಂಡು ಗೆರೆ ಕಾಣುವುದಿಲ್ಲ. ಬ್ಲೇಡಿನ ಬೆನ್ನಿಗೆ ಜೇನುಮೇಣವನ್ನು ಒಂದು ಸಲ ಸವರಿದರೆ ಸಾಕು. ಕೊಡಗಿನಲ್ಲಿ ಕೂತು ಜೇನುಮೇಣ ಎಲ್ಲಿ ಸಿಗುತ್ತದೆ ಎಂದು ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದೇನೆ.

ಹುಡುಗನನ್ನು ಕೂರಿಸಿ ಕಲಿಸಿದೆ. ಮೊದಲ ದಿನ ಎಂಟು ಬ್ಲೇಡು ಮುರಿದ. ನಾನು ಎಣಿಸಿದ್ದೆ, ಅವನಿಗೆ ಹೇಳಲಿಲ್ಲ. ಕಲಿಸಿದ ಆ ಮೂರು ದಿನ ಮರ ಬಿದ್ದು ಲೈನ್ ಹೋಗಿ ಊರಿಗೇ ಕರೆಂಟ್ ಇರಲಿಲ್ಲ; ಜಗಲಿಯ ಬೆಳಕಿನಲ್ಲೇ ಕೊಯ್ದೆವು. ಈ ಗರಗಸ ಕರೆಂಟ್ ಕೇಳುವುದಿಲ್ಲ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಚಿತ್ರದ ಗಡಿಯಾರಕ್ಕೆ ರೋಮನ್ ಅಂಕಿಗಳಿದ್ದವು. ಕೊಯ್ಯಲು ಸುಲಭ, ಎಲ್ಲ ಕಡ್ಡಿ ಕಡ್ಡಿ. ನಾನು ಕನ್ನಡ ಅಂಕಿಯನ್ನೇ ಕೊಯ್ಯುವವನು. ಈಗಿನ ಮಕ್ಕಳಿಗೆ ಓದಲು ಬರುವುದಿಲ್ಲ ಎನ್ನುತ್ತಾರೆ. ಗಡಿಯಾರದಲ್ಲಿ ಆರು ಎಲ್ಲಿರುತ್ತದೆ ಎಂದು ಗೊತ್ತಿದ್ದವರಿಗೆ ೬ ಕಲಿಯಲು ಎಷ್ಟು ಹೊತ್ತು ಬೇಕು? ನಮ್ಮ ಅಂಕಿಗಳಲ್ಲಿ ನೇರ ಗೆರೆಯೇ ಇಲ್ಲ ಎನ್ನಬಹುದು. ೨ ಮತ್ತು ೩ ಬಳುಕುತ್ತಾ ಹೋಗುತ್ತವೆ, ೪ರ ಕೆಳಗೊಂದು ಕುಣಿಕೆ, ೧೦ರಲ್ಲಿ ಒಂದು ಪೂರ್ತಿ ಸೊನ್ನೆ. ಸೊನ್ನೆಯ ಒಳಗಿನ ಬಿಲ್ಲೆಯನ್ನು ತೆಗೆಯಲು ಹೊರಗಿನಿಂದ ದಾರಿಯಿಲ್ಲ. ಒಳಗೊಂದು ತೂತು ಕೊರೆದು, ಬ್ಲೇಡಿನ ಒಂದು ತುದಿ ಬಿಚ್ಚಿ, ಆ ತೂತಿನಲ್ಲಿ ಪೋಣಿಸಿ, ಮತ್ತೆ ಎದೆಯಿಂದ ಒತ್ತಿ ಬಿಗಿದು ಒಳಗಿನಿಂದ ಕೊಯ್ಯಬೇಕು. ಹುಡುಗ ನಿಮ್ಮ ಬರಹದಂತೆ ಕತ್ತರಿ ಹಿಡಿದಿದ್ದಾಗ ಹತ್ತು ಗಂಟೆಗೆ ಬಂದು ಸಿಕ್ಕಿಹಾಕಿಕೊಂಡದ್ದು ಇಲ್ಲಿಯೇ. ಸೊನ್ನೆಯ ಪಕ್ಕ ಸೀಳಿ ಒಳಗೆ ಹೋಗಿದ್ದ. ನೋಡಲು ಕುದುರೆ ಲಾಳದಂತಿತ್ತು. ಈಗ ಕೊಯ್ದ ಸೊನ್ನೆಯನ್ನು ಅವನು ಅರ್ಧ ಗಂಟೆ ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ಓಡಾಡಿದ.

ತೂತು ಎಂದಾಗ ಒಂದು ಎಚ್ಚರಿಕೆ ಹೇಳಲೇಬೇಕು, ನಿಮ್ಮ ಬರಹದಲ್ಲಿ ಇಲ್ಲದ್ದು. ಮರಕ್ಕೂ ಕಬ್ಬಿಣಕ್ಕೂ ಡ್ರಿಲ್ ಬಿಟ್ ಹರಿತವಾಗಿರಬೇಕು. ಹಿತ್ತಾಳೆಗೆ ಅದೇ ಅಪಾಯ. ಹರಿತವಾದ ಬಿಟ್ ಹಿತ್ತಾಳೆಯನ್ನು ತಿರುಪಿನ ಹಾಗೆ ಕಚ್ಚಿಕೊಂಡು ಮೇಲಕ್ಕೆಳೆದು, ತಗಡನ್ನೇ ಫ್ಯಾನಿನ ರೆಕ್ಕೆಯ ಹಾಗೆ ತಿರುಗಿಸಿಬಿಡುತ್ತದೆ. ನನ್ನ ಎಡಗೈ ತೋರುಬೆರಳಿನಲ್ಲಿ ಇದಕ್ಕೆ ನಾಲ್ಕು ಹೊಲಿಗೆಯ ಸಾಕ್ಷಿಯಿದೆ. ಬಿಟ್‌ನ ಕೊಯ್ಯುವ ಅಂಚನ್ನು ಸಾಣೆಕಲ್ಲಿನ ಮೇಲೆ ಎರಡು ಸಲ ತೀಡಿ ಸ್ವಲ್ಪ ಮೊಂಡು ಮಾಡಿಕೊಳ್ಳಿ. ತಗಡನ್ನು ಹಲಗೆಗೆ ಬಿಗಿಯದೆ ಕೊರೆಯಬೇಡಿ.

ಇಷ್ಟೆಲ್ಲ ರಗಳೆ ಏಕೆ, ಈಗ ಲೇಸರ್ ಇದೆಯಲ್ಲ ಎನ್ನುವವರಿದ್ದಾರೆ. ಹುಡುಗನೂ ಮೊದಲು ಹಾಗೆಯೇ ಎಂದು, ತಗಡು ಕಟ್ಟಿಕೊಂಡು ಮೈಸೂರಿನ ಒಂದು ನಾಮಫಲಕದ ಅಂಗಡಿಗೆ ಹೋಗಿದ್ದ. ಪ್ಲೈವುಡ್ಡು, ಅಕ್ರಿಲಿಕ್ ಎಲ್ಲವನ್ನೂ ಬೆಣ್ಣೆಯ ಹಾಗೆ ಕೊಯ್ಯುವ ಯಂತ್ರ ಹಿತ್ತಾಳೆಯ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲವಂತೆ. ಎಳೆಯುವುದೂ ಇಲ್ಲ. ಆ ಅಂಗಡಿಗಳಲ್ಲಿರುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದರ ಕಿರಣವನ್ನು ಹಿತ್ತಾಳೆ ಕನ್ನಡಿಯ ಹಾಗೆ ಹಿಂದಕ್ಕೆ ಎಸೆಯುತ್ತದೆ, ತಾಗಿದ ಚೂರುಪಾರು ಶಾಖವನ್ನೂ ನಿಮಿಷಾರ್ಧದಲ್ಲಿ ಹಂಚಿಬಿಡುತ್ತದೆ. ಹಿತ್ತಾಳೆಗೆ ಬೇಕಾದದ್ದು ಉಕ್ಕಿನ ತಗಡು ಕೊಯ್ಯುವ ಫೈಬರ್ ಲೇಸರ್. ಅದು ದೊಡ್ಡ ಕಾರ್ಖಾನೆಗಳಲ್ಲಿದೆ. ನಾನೂ ಒಮ್ಮೆ ಅಲ್ಲಿ ಒಂದು ಜೊತೆ ಎಲೆ ಮಾಡಿಸಿದ್ದೆ. ಅಂಚು ಚೊಕ್ಕವಾಗಿತ್ತು, ನನ್ನ ಕೈಗಿಂತ ಚೊಕ್ಕ, ಒಪ್ಪುತ್ತೇನೆ. ಹಿಂಬದಿಗೆ ಅಂಟಿದ ಕಿಟ್ಟವನ್ನು ಮಾತ್ರ ಅರದಿಂದ ತೆಗೆಯಬೇಕಾಯಿತು. ಐವತ್ತು ಗಡಿಯಾರ ಮಾಡಿ ಮಾರುವವರು ಅಲ್ಲಿಗೇ ಹೋಗಲಿ. ಒಂದು ಗಡಿಯಾರಕ್ಕೆ ನಾಲ್ಕು ಎಲೆ ಬೇಕಾದವನನ್ನು ಅವರು ಒಳಗೂ ಬಿಡುವುದಿಲ್ಲ, ಮೊದಲು ಕಂಪ್ಯೂಟರಿನಲ್ಲಿ ನಕ್ಷೆ ತನ್ನಿ ಎನ್ನುತ್ತಾರೆ.

ತಗಡು ಸಿಗುವುದೂ ಕಷ್ಟವೇ. ಒಂದು ಚದರ ಅಡಿ 20 ಗೇಜ್ ತಗಡು 700 ಗ್ರಾಂ ಚಿಲ್ಲರೆ ತೂಗುತ್ತದೆ, ಒಂದು ಗಡಿಯಾರಕ್ಕೆ ಧಾರಾಳ. ಅಂಗಡಿಯವರು ನಾಲ್ಕು ಅಡಿಯ ಪೂರ್ತಿ ತಗಡನ್ನಲ್ಲದೆ ಕೊಡುವುದಿಲ್ಲ ಎನ್ನುತ್ತಾರೆ. ಅವರನ್ನೂ ಬೈಯಲಾರೆ, ಉಳಿದ ಮೂರು ಅಡಿಯನ್ನು ಯಾರಿಗೆ ಮಾರಬೇಕು? ಹಳೆ ಪಾತ್ರೆ ಅಂಗಡಿಯಲ್ಲಿ ಹರಿವಾಣ, ತಟ್ಟೆ ಹುಡುಕುವುದು ನನ್ನ ದಾರಿ. ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಅಂಟಿಕೊಂಡರೆ ಅದು ಬಣ್ಣ ಬಳಿಸಿಕೊಂಡ ಕಬ್ಬಿಣ. ಪ್ರವಾಸಿಗರಿಗೆಂದು ರಸ್ತೆ ಬದಿಯಲ್ಲಿ ಮಾರುವ ‘ಕೈಯಿಂದ ಮಾಡಿದ’ ಗಡಿಯಾರಗಳ ಮೇಲೂ ಆ ಅಯಸ್ಕಾಂತವನ್ನು ಒಮ್ಮೆ ಆಡಿಸಿ ನೋಡಿ, ತಮಾಷೆಯಾಗಿರುತ್ತದೆ.

ಹಿತ್ತಾಳೆ ಎಂದರೆ ನಾಗಮಂಗಲ ಎನ್ನುತ್ತಿದ್ದ ರಾಜ್ಯ ನಮ್ಮದು. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರುವಾದಾಗ ಅದರ ಪಟ್ಟಿಯಲ್ಲಿ 18 ಕಸುಬುಗಳಿದ್ದವು. ಉಪಕರಣ ಕೊಳ್ಳಲು 15,000 ರೂಪಾಯಿ ನೆರವು. ಕಮ್ಮಾರ, ಬಡಗಿ, ಶಿಲ್ಪಿ, ಅಕ್ಕಸಾಲಿಗ ಎಲ್ಲರೂ ಇದ್ದಾರೆ, ಹೂಮಾಲೆ ಕಟ್ಟುವವರೂ ಇದ್ದಾರೆ, ಇರಲಿ, ಬೇಕು. ಕಂಚು ಹಿತ್ತಾಳೆ ಕೆಲಸದ ಕಂಚುಗಾರನ ಕಸುಬು ಮಾತ್ರ ಆಗ ಬೇರೆಯಾಗಿ ಇರಲಿಲ್ಲ. ವಿಶ್ವಕರ್ಮನ ಹೆಸರಿನಲ್ಲಿ ಊಟ ಹಾಕಿಸಿ, ಅವನ ಐದು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಎಲೆ ಹಾಕದ ಹಾಗೆ. ಇದನ್ನು ನಿಮ್ಮ ಪತ್ರಿಕೆ ಬೇರೆಯಾಗಿಯೇ ಬರೆಯಬಹುದು.

ಮತ್ತೆ ಗಡಿಯಾರಕ್ಕೆ ಬರುತ್ತೇನೆ. ಕೊಯ್ದ ತಗಡನ್ನು ಅಂಟಿಸಿ ಎಂದಿದ್ದೀರಿ. ಬಯಲುಸೀಮೆಯಲ್ಲಿ ಅಂಟು ನಿಲ್ಲಬಹುದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಆಷಾಢದಲ್ಲಿ ನಮ್ಮ ಮನೆಯ ಬಾಗಿಲುಗಳೇ ಉಬ್ಬಿ ಮುಚ್ಚುವುದಿಲ್ಲ. ಹಲಗೆ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಹಿತ್ತಾಳೆಗೆ ಆ ಗೊಡವೆಯೇ ಇಲ್ಲ. ಇಬ್ಬರನ್ನೂ ಅಂಟಿನಲ್ಲಿ ಕಟ್ಟಿಹಾಕಿದರೆ ಪುತ್ತರಿಯೊಳಗೆ ಒಬ್ಬರು ಎದ್ದು ಹೋಗುತ್ತಾರೆ. ಸಣ್ಣ ಅಂಕಿಗಳಿಗೆ ಎರಡೆರಡು ಹಿತ್ತಾಳೆ ಮೊಳೆ ಸಾಕು. ಉದ್ದನೆಯ ಬಳ್ಳಿಯಾದರೆ ನಡುವೆ ಒಂದು ಕಡೆ ಗಟ್ಟಿಯಾಗಿ ತಿರುಪು ಹಾಕಿ, ಎರಡೂ ತುದಿಯ ತೂತುಗಳನ್ನು ಉದ್ದಕ್ಕೆ ಅಗಲಿಸಿ ಬಿಡಿ, ಹಲಗೆಗೆ ಮೈಮುರಿಯಲು ಜಾಗ ಇರುತ್ತದೆ. ಹುಣಸೆಹಣ್ಣು ಹಾಕಿ ಉಜ್ಜುವುದನ್ನು ಹಲಗೆಗೆ ಕೂರಿಸುವ ಮೊದಲೇ ಮುಗಿಸಿ. ಕೂರಿಸಿದ ಮೇಲೆ ಉಜ್ಜಿದರೆ ಹುಳಿನೀರು ಮರಕ್ಕೆ ಇಳಿದು ಕಲೆ ಕೂರುತ್ತದೆ. ನಿಮ್ಮ ಬರಹದಲ್ಲಿ ಇದೂ ಇರಲಿಲ್ಲ.

ತಟ್ಟಿ ನೇರ ಮಾಡಿದ ಎಲೆಯ ವಿಷಯ ಇನ್ನೊಂದಿದೆ. ಹುಡುಗ ಗಡಿಯಾರ ನೇತುಹಾಕಬೇಕೆಂದಿದ್ದ ಗೋಡೆಯ ಆಚೆ ಬದಿಗೆ ಅವರ ಕೊಟ್ಟಿಗೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ, ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟಿದ್ದ ಬಂದೂಕಿನ ಹಿತ್ತಾಳೆ ತೋಟಾಗಳು ಯಾರೂ ಮುಟ್ಟದೆ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಲಾಯದ ಗಂಜಲದಿಂದ ಏಳುವ ಅಮೋನಿಯಾ, ಮಳೆಯ ತೇವ, ಮತ್ತು ತೋಟಾ ಎಳೆದು ಮಾಡುವಾಗ ಲೋಹದೊಳಗೆ ಉಳಿದ ಬಿಗುವು, ಈ ಮೂರೂ ಸೇರಿ ಹಾಗಾಗುತ್ತದೆ ಎಂದು 1921ರಲ್ಲಿ ಲೋಹ ವಿಜ್ಞಾನಿಗಳು ತೋರಿಸಿಕೊಟ್ಟರು. ಕತ್ತರಿಯಲ್ಲಿ ತಿರುಚಿ ಸುತ್ತಿಗೆಯಲ್ಲಿ ತಟ್ಟಿದ ಎಲೆಯೊಳಗೆ ಅದೇ ಬಿಗುವು ಕೂತಿರುತ್ತದೆ. ತೇವ ನಮ್ಮಲ್ಲಿ ಪುಕ್ಕಟೆ. ಗಂಜಲ ಗೋಡೆಯ ಆಚೆಗಿದೆ. ತೋಟದ ಗೊಬ್ಬರದ ಗೋದಾಮಿನಲ್ಲಿ ಹಿತ್ತಾಳೆಯ ನಲ್ಲಿಯೊಂದು ಹಾಗೆ ಸೀಳಿದ್ದನ್ನು ನಾನೇ ಬದಲಾಯಿಸಿದ್ದೇನೆ. ಗರಗಸದಲ್ಲಿ ಕೊಯ್ದ ಎಲೆಗೆ ಈ ಹೊಸ ಬಿಗುವು ಸೇರುವುದಿಲ್ಲ. ಆದರೂ ಗಡಿಯಾರವನ್ನು ಎದುರು ಗೋಡೆಗೆ ಹಾಕಿಸಿದೆ.

ಮುಳ್ಳುಗಳನ್ನೂ ಹಿತ್ತಾಳೆಯಲ್ಲೇ ಮಾಡುವವರು ಅವಕ್ಕೆ ಮಾತ್ರ ಅರ್ಧ ಮಿಲಿಮೀಟರ್ ತಗಡು ಹಿಡಿಯಿರಿ. ಪೆನ್ಸಿಲ್ ಸೆಲ್ಲಿನಲ್ಲಿ ಓಡುವ ಯಂತ್ರಕ್ಕೆ ಬಲ ಅಷ್ಟಕ್ಕಷ್ಟೆ. ಸೆಲ್ ಸೊರಗಿದ ಗಡಿಯಾರದ ಸೆಕೆಂಡ್ ಮುಳ್ಳು ಒಂಬತ್ತರ ಹತ್ತಿರವೇ ಒದ್ದಾಡುವುದನ್ನು ನೋಡಿರುತ್ತೀರಿ. ಅಲ್ಲಿ ಮುಳ್ಳು ಅಡ್ಡಕ್ಕೆ ಚಾಚಿರುತ್ತದೆ, ಎತ್ತುವ ಭಾರ ಅಲ್ಲೇ ಹೆಚ್ಚು. ನಿಮಿಷದ ಮುಳ್ಳಿನ ಹಿಂಬದಿಗೆ ಒಂದು ಬಾಲ ಬಿಟ್ಟು ತೂಕ ಸರಿದೂಗಿಸಿದರೆ ಯಂತ್ರಕ್ಕೆ ಉಸಿರಾಡಲು ಬರುತ್ತದೆ. ಹುಡುಗನ ಮುಳ್ಳಿನ ಬಾಲಕ್ಕೆ ಕಾಫಿ ಹಣ್ಣಿನ ಆಕಾರ ಕೊಟ್ಟಿದ್ದೇವೆ.

ಸಂಪಾದಕರೇ, ನನ್ನ ಕೋರಿಕೆ ಚಿಕ್ಕದು. ಮಳೆ ಮುಗಿಯುವ ಮೊದಲು ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ, ಆ ಕತ್ತರಿಯ ಚಿತ್ರ ಇದ್ದಷ್ಟೇ ಜಾಗದಲ್ಲಿ ಗರಗಸದ ಚಿತ್ರ ಹಾಕಿ. ನನ್ನ ಹೆಸರು ಬೇಡ. ಹಾಕಿದರೆ ನಿಂತ ಗಡಿಯಾರಗಳೆಲ್ಲ ನಮ್ಮ ಜಗಲಿಗೆ ಬರುತ್ತವೆ, ಅವುಗಳ ಯಂತ್ರದ ವಿದ್ಯೆ ನನಗೆ ತಿಳಿಯದು. ಚಿತ್ರ ಎಲ್ಲೂ ಸಿಗದಿದ್ದರೆ ನನ್ನ ಗರಗಸದ ಫೋಟೊವನ್ನು ಹುಡುಗ ಮೊಬೈಲಿನಲ್ಲಿ ತೆಗೆದು ಕಳುಹಿಸುತ್ತಾನಂತೆ. ಹಿಡಿ ಬಿರುಕು ಬಿಟ್ಟು ಸೈಕಲ್ ಟ್ಯೂಬು ಸುತ್ತಿದ್ದೇನೆ, ಅದು ಕಾಣದ ಹಾಗೆ ತೆಗೆಯಲು ಹೇಳುತ್ತೇನೆ.

ಇತಿ,
ನಿವೃತ್ತ ತೋಟದ ಫಿಟ್ಟರ್
ಸುಂಟಿಕೊಪ್ಪ, ಕೊಡಗು